ನಮ್ಮೂರ ಈಶ್ವರ ದೇವಸ್ಥಾನದ ಮಾಡಿಗೆ ಹೆಂಚು ಹೊದಿಸಲು ತಹಸೀಲ್ದಾರರ ಒಪ್ಪಿಗೆ ಯಾಕೆ ಬೇಕು?

ರಘು, ಮಲೆನಾಡು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಮಲೆನಾಡು ಕಡೆಯ ಊರು ನಮ್ಮದು. ತಾಲ್ಲೂಕಿನ ಹೆಸರು ಹಾಕುವುದಿಲ್ಲ. ಯಾವ ಅಧಿಕಾರಿಯ ಮೇಲೂ ದೂರು ಹೇಳಲು ಬಂದವನಲ್ಲ ನಾನು. ವಿಷಯ ಅರ್ಥವಾಗಬೇಕು, ಅಷ್ಟೆ.

ನಮ್ಮೂರಲ್ಲಿ ಹಳೇ ಈಶ್ವರ ದೇವಸ್ಥಾನ ಒಂದಿದೆ. ಗರ್ಭಗುಡಿ ಕಲ್ಲಿನದು. ಮುಂದಿನ ಚಾವಡಿಗೆ ಜಂಬಿಟ್ಟಿಗೆ ಗೋಡೆ, ಮೇಲೆ ಮಂಗಳೂರು ಹೆಂಚು. ಹೆಂಚು ಹೊರುವ ಮರದ ಪಕಾಸಿಗೆ ಗೆದ್ದಲು ಹಿಡಿದು ಹೋದ ಮಳೆಗಾಲದಲ್ಲಿ ಒಂದು ಮೂಲೆ ಕೂತುಬಿಟ್ಟಿತು. ಈಗ ನೀರು ನೇರ ನಂದಿಯ ಬೆನ್ನ ಮೇಲೆ ಬೀಳುತ್ತದೆ. ಊರವರು ಸೇರಿ ದುಡ್ಡು ಎತ್ತಿದೆವು. ಒಬ್ಬರು ಮರ ಕೊಡುತ್ತೇನೆ ಎಂದರು, ಇನ್ನೊಬ್ಬರು ಬಡಗಿಯ ಕೂಲಿ ನನ್ನದು ಎಂದರು. ಕೆಲಸ ಶುರು ಮಾಡುವ ಹೊತ್ತಿಗೆ ತಾಲ್ಲೂಕು ಕಚೇರಿಯಿಂದ ಮಾತು ಬಂತು: ಇದು ಮುಜರಾಯಿ ದೇವಸ್ಥಾನ (ಸರ್ಕಾರದ ಮೇಲ್ವಿಚಾರಣೆಯದು), ಸಿ ವರ್ಗ (ಕಡಿಮೆ ವರಮಾನದ್ದು), ಒಪ್ಪಿಗೆ ಇಲ್ಲದೆ ಮಾಡು ಬಿಚ್ಚಬೇಡಿ. ಅಂದಾಜು ಪಟ್ಟಿ ಬೇಕು, ಎತ್ತಿದ ಹಣ ಯಾವ ಖಾತೆಯಲ್ಲಿದೆ ಎನ್ನುವುದಕ್ಕೆ ಲೆಕ್ಕ ಬೇಕು.

ಆವತ್ತು ಸಂಜೆ ಕಟ್ಟೆಯ ಮೇಲೆ ದೊಡ್ಡ ಚರ್ಚೆಯೇ ಆಯಿತು. ಜಾತ್ಯತೀತ ದೇಶದಲ್ಲಿ ದೇವರ ಮನೆಗೆ ಸರ್ಕಾರದ ಬೀಗ ಯಾಕೆ ಎಂದು ಹುಡುಗರು ಕೇಳಿದರು. ಇದು ಇವತ್ತಿನದಲ್ಲ, ರಾಜರ ಕಾಲದಿಂದಲೂ ಹೀಗೇ ಎಂದು ಹಿರಿಯರೊಬ್ಬರು ಹೇಳಿದರು. ಹಾಗಾದರೆ ರಾಜರು ಹೋದ ಮೇಲೂ ಯಾಕೆ ಹೀಗೆ ಎಂದರೆ ಯಾರ ಹತ್ತಿರವೂ ಉತ್ತರವಿರಲಿಲ್ಲ.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಈ ದೇವರಿಗೆ ಹಿಂದೆ ಗದ್ದೆ ಇತ್ತು. ದೇವಸ್ಥಾನದ ಕೆಳಗಿನ ಬಯಲಲ್ಲಿ, ಹಳ್ಳದ ನೀರು ಸಿಗುವ ಒಳ್ಳೇ ಗದ್ದೆ. ನಮ್ಮ ಅಜ್ಜ ಅದರಲ್ಲಿ ಒಂದು ಭಾಗವನ್ನು ಗೇಣಿಗೆ ಮಾಡುತ್ತಿದ್ದರು. ಅಪ್ಪ ಫಾರಂ 7, ಅಂದರೆ ಗೇಣಿದಾರನ ಹಕ್ಕು ಕೇಳುವ ಅರ್ಜಿ ಹಾಕಿದರು, ಭೂನ್ಯಾಯ ಮಂಡಳಿಯಲ್ಲಿ ನಮ್ಮ ಹೆಸರಿಗೆ ಆಯಿತು. ಈಗ ಆ ಭತ್ತವನ್ನೇ ನಾವು ಉಣ್ಣುತ್ತಿದ್ದೇವೆ. ದೇವರ ಗದ್ದೆ ನಮಗೆ ಬಂತು, ದೇವರಿಗೆ ಏನು ಬಂತು? ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಸರ್ಕಾರದ ಒಪ್ಪಿಗೆಗೂ ಆ ಗದ್ದೆಗೂ ಏನಾದರೂ ಸಂಬಂಧ ಇದೆಯಾ? ತಿಳಿದವರು ಬಿಡಿಸಿ ಹೇಳಿ.

ಹಳೇ ಶಿರಸ್ತೇದಾರ

ರಘು ಅವರೇ, ಸಂಬಂಧ ಇದೆ. ಇರುವುದೇ ಅದು. ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮುಜರಾಯಿ ಕಡತಗಳನ್ನು ಹತ್ತಿರದಿಂದ ನೋಡಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಿಮ್ಮ ಹುಡುಗರು ಸಂವಿಧಾನದಿಂದ ಶುರು ಮಾಡಿದ್ದಾರೆ. ನಾನಾದರೆ ಇಕ್ಕೇರಿಯಿಂದ ಶುರು ಮಾಡುತ್ತೇನೆ. ಸಾಗರದ ಪಕ್ಕದ ಅಘೋರೇಶ್ವರ ದೇವಸ್ಥಾನಕ್ಕೆ ಹೋಗಿದ್ದೀರಲ್ಲ? ಒಳಗೆ ನೆಲದ ಮೇಲೆ ಕೆಳದಿ ಅರಸರು ಅಡ್ಡಬಿದ್ದಂತೆ ಕೆತ್ತಿದ್ದಾರೆ. ಒಬ್ಬೊಬ್ಬರ ಹೆಸರೂ ಇದೆ. ಜನ ಅದನ್ನು ನೋಡಿ ಭಕ್ತಿ ಎಂದು ಮುಂದೆ ಹೋಗುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಎನಿಸಿದ್ದು ಅಲ್ಲಿನ ಕಂಬಗಳು. ಅಲ್ಲಿ ಕಂಬದಿಂದ ಕಂಬಕ್ಕೆ ಇರುವ ಅಂತರವನ್ನೇ ತೋಟದ ಅಳತೆಗೆ ಮಾದರಿ ಮಾಡಿಕೊಂಡಿದ್ದರು ಎಂದು ಹಳೇ ಮೈಸೂರು ಗೆಜೆಟಿಯರ್ ಹೇಳುತ್ತದೆ. 18 ಅಡಿ 6 ಅಂಗುಲದ ಕೋಲು, ಅದಕ್ಕೆ ದಾಯ ಎನ್ನುತ್ತಿದ್ದರು. ನಗರ ಸೀಮೆಯಲ್ಲೆಲ್ಲ, ಅಂದರೆ ಬಿದನೂರಿನ ಸುತ್ತ, ತೋಟ ಅಳೆಯುತ್ತಿದ್ದದ್ದು ಆ ಕೋಲಿನಲ್ಲೇ. ಈಗ ಯೋಚನೆ ಮಾಡಿ. ರೈತನ ತೋಟಕ್ಕೆ ಎಷ್ಟು ಕಂದಾಯ ಎಂದು ಗೊತ್ತಾಗಬೇಕಾದರೆ ಅಳತೆ ಬೇಕು. ಆ ಅಳತೆ ಇದ್ದದ್ದು ದೇವರ ಮುಂದಿನ ಕಂಬದಲ್ಲಿ. ಅಳತೆಯಲ್ಲಿ ತಕರಾರು ಬಂದರೆ ಸಾಕ್ಷಿಗೆ ಇರುವುದೂ ಅಲ್ಲೇ. ಕಚೇರಿ ಬೇರೆ, ಗುಡಿ ಬೇರೆ ಎನ್ನುವ ಯೋಚನೆಯೇ ಆ ಕಾಲದಲ್ಲಿ ಇರಲಿಲ್ಲ.

ಕೆಳದಿಯ ಅರಸ ಶಿವಪ್ಪನಾಯಕ (1645ರಿಂದ 1660) ಶಿಸ್ತು ಎಂಬ ಕಂದಾಯದ ಕ್ರಮ ತಂದ. ಭೂಮಿಯನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರಗತಿ ಮಾಡಿ, ಬೆಳೆ ನೋಡಿ ದರ ಕಟ್ಟಿದ. ಆ ಲೆಕ್ಕದಲ್ಲಿ ದೇವರಿಗೆ, ಮಠಕ್ಕೆ, ಅಗ್ರಹಾರಕ್ಕೆ ಬಿಟ್ಟ ಭೂಮಿ ಬೇರೆಯಾಗಿಯೇ ಇರುತ್ತಿತ್ತು. ಬಿಟ್ಟದ್ದು ಎಂದರೆ ಆ ಜಮೀನಿನಿಂದ ಬರಬೇಕಾದ ಕಂದಾಯವನ್ನು ಅರಸ ತಾನು ತೆಗೆದುಕೊಳ್ಳದೆ ದೇವರಿಗೆ ಬಿಟ್ಟ ಎಂದು. ಹೀಗೆ ಬಿಟ್ಟುಕೊಟ್ಟವನಿಗೆ ನೋಡಿಕೊಳ್ಳುವ ಹಕ್ಕೂ ಇರುತ್ತದೆ, ಅಲ್ವಾ? ದೀಪ ಹಚ್ಚುತ್ತಾರಾ, ನೈವೇದ್ಯ ನಡೆಯುತ್ತಾ ಎಂದು ಕೇಳುವವನು ಕಂದಾಯದ ಅಧಿಕಾರಿ.

ಅರಸರು ಬದಲಾದರೂ ಈ ಏರ್ಪಾಡು ಬದಲಾಗಲಿಲ್ಲ. 1763ರಲ್ಲಿ ಹೈದರಾಲಿ ಬಿದನೂರು ತೆಗೆದುಕೊಂಡ. 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಲೂಟಿ ಮಾಡಿತು. ಶಾರದೆಯ ಮರುಪ್ರತಿಷ್ಠೆಗೆ ಹಣ, ಧಾನ್ಯ ಕೊಡಬೇಕೆಂದು ಟಿಪ್ಪು ಸುಲ್ತಾನ ಅಪ್ಪಣೆ ಮಾಡಿದ್ದು ಯಾರಿಗೆ? ನಗರದ ಅಸಫನಿಗೆ, ಅಂದರೆ ಆ ಸೀಮೆಯ ಕಂದಾಯ ನೋಡುವ ದೊಡ್ಡ ಅಧಿಕಾರಿಗೆ. ಆ ಪತ್ರಗಳು 1916ರಲ್ಲಿ ಮಠದಲ್ಲೇ ಸಿಕ್ಕವು. ಅರಸ ಮುಸ್ಲಿಮನಾದರೂ ಗುಡಿಯ ಕೆಲಸ ಹೋದದ್ದು ಕಂದಾಯ ಕಚೇರಿಯ ಮೂಲಕವೇ. ಇವತ್ತು ನಿಮ್ಮ ಹೆಂಚಿನ ಕಡತ ತಹಸೀಲ್ದಾರರ ಮೇಜಿಗೆ ಹೋಗಿದೆಯಲ್ಲ, ಅದು ಬಂದದ್ದೂ ಇದೇ ದಾರಿಯಲ್ಲಿ.

ಮುಂದೆ 1830-31ರಲ್ಲಿ ನಮ್ಮ ಕಡೆಯೇ ನಗರದ ದಂಗೆ ಎದ್ದಿತು. ಕಂದಾಯದ ಹಿಂಸೆ ತಾಳಲಾರದೆ ರೈತರು ಎದ್ದರು. ಅದನ್ನೇ ಕಾರಣ ಮಾಡಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆ ತೆಗೆದುಕೊಂಡರು. 1881ರವರೆಗೂ ಅವರದ್ದೇ ಕಾರುಬಾರು. ಆದರೂ ಮುಜರಾಯಿ ನಿಲ್ಲಲಿಲ್ಲ. ಬ್ರಿಟಿಷರ ಸ್ವಂತ ಸೀಮೆಗಳಲ್ಲಿ ಮಾತ್ರ 1863ರಲ್ಲಿ ಒಂದು ಕಾಯ್ದೆ ಬಂತು. ಕ್ರೈಸ್ತ ಸರ್ಕಾರ ಗುಡಿಗಳ ಲೆಕ್ಕ ನೋಡುವುದೇನು ಎಂದು ಮಿಷನರಿಗಳು ಹಟ ಹಿಡಿದಿದ್ದರು. ಹಾಗಾಗಿ ಅಲ್ಲಿ ಆಡಳಿತವನ್ನು ಸ್ಥಳೀಯ ಸಮಿತಿಗಳಿಗೆ, ಧರ್ಮದರ್ಶಿಗಳಿಗೆ ಬಿಟ್ಟರು. ಬಿಟ್ಟ ಮೇಲೆ ಆಸ್ತಿ ಕರಗುತ್ತಿದೆ ಎಂದು ಜನರೇ ದೂರಿದರು. 1920ರ ದಶಕದಲ್ಲಿ ಮದ್ರಾಸಿನ ಜಸ್ಟಿಸ್ ಪಕ್ಷದ ಸರ್ಕಾರ ಕಾಯ್ದೆ ಮಾಡಿ ಮಂಡಳಿ ತಂದಿತು. ಮೈಸೂರಲ್ಲಿ 1927ರ ಕಾಯ್ದೆ ಬಂತು. ಅದರಲ್ಲಿ ಹೊಸದು ಎನ್ನುವುದಕ್ಕಿಂತ ಮೊದಲೇ ನಡೆಯುತ್ತಿದ್ದದ್ದನ್ನು ಬರೆದಿಟ್ಟದ್ದೇ ಜಾಸ್ತಿ.

ನಮ್ಮ ಜಿಲ್ಲೆಯಲ್ಲಿ ನಿಂತು ನೋಡಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹುಲಿಕಲ್ ಘಾಟಿ ಇಳಿದರೆ ಕುಂದಾಪುರ, ಅಲ್ಲಿ ಮದ್ರಾಸಿನ ಕಾನೂನು. ಸಾಗರ ದಾಟಿ ಸಿದ್ದಾಪುರಕ್ಕೆ ಹೋದರೆ ಮುಂಬೈ ಪ್ರಾಂತ್ಯದ 1950ರ ಸಾರ್ವಜನಿಕ ನ್ಯಾಸಗಳ ಕಾಯ್ದೆ. ಇಲ್ಲಿ ಮೈಸೂರಿನ ಮುಜರಾಯಿ. ದೇವರು ಅದೇ ಈಶ್ವರ, ಪೂಜೆ ಅದೇ, ಭಟ್ಟರು ಸಂಬಂಧಿಗಳೇ ಇರಬಹುದು. ಕಾನೂನು ಮೂರು. 1956ರಲ್ಲಿ ರಾಜ್ಯ ಒಂದಾಯಿತು, ಆದರೆ ದೇವಸ್ಥಾನಗಳಿಗೆ ಒಂದೇ ಕಾಯ್ದೆ ಜಾರಿಗೆ ಬಂದದ್ದು 2003ರ ಮೇ ತಿಂಗಳಲ್ಲಿ. 47 ವರ್ಷ ಹಿಡಿಯಿತು.

ಈಗ ನಿಮ್ಮ ಗದ್ದೆಗೆ ಬರುತ್ತೇನೆ. ಸ್ವಾತಂತ್ರ್ಯ ಬಂದ ಮೇಲೆ ಇನಾಂಗಳು, ಅಂದರೆ ಹೀಗೆ ಕಂದಾಯ ಬಿಟ್ಟುಕೊಟ್ಟ ಭೂಮಿಗಳು, ರದ್ದಾದವು. ಮೈಸೂರು ರಾಜ್ಯದಲ್ಲಿ ಧಾರ್ಮಿಕ ಇನಾಂಗಳ ರದ್ದತಿಗೆ 1955ರ ಕಾಯ್ದೆ. ಆಮೇಲೆ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆಯ ತಿದ್ದುಪಡಿ ಆಯಿತು. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು, ಅಲ್ಲಿಂದ ಉಳುವವನಿಗೆ ಹೋಯಿತು. ದೇವರೂ ಒಬ್ಬ ಧಣಿಯೇ, ದೇವರ ಗದ್ದೆಯೂ ಹೋಯಿತು. ಅದಕ್ಕೆ ಬದಲಾಗಿ ಸರ್ಕಾರ ಪ್ರತಿ ವರ್ಷ ಇಷ್ಟು ಹಣ ಕೊಡುತ್ತೇನೆ ಎಂದು ಒಪ್ಪಿಕೊಂಡಿತು. ಇನಾಂ ಹೋದದ್ದಕ್ಕೆ ತಸ್ತೀಕು, ಗೇಣಿ ಭೂಮಿ ಹೋದದ್ದಕ್ಕೆ ವರ್ಷಾಸನ. ನಿಮ್ಮ ಅರ್ಚಕರ ಕೈಗೆ ಬರುವುದು ಅದೇ.

ಈ ಹಣವನ್ನು ಸರ್ಕಾರ ಕೊಡುವ ಸಹಾಯ ಎಂದು ಎಲ್ಲರೂ ಹೇಳುತ್ತಾರೆ. ಪೇಪರ್‌ನಲ್ಲೂ ಹಾಗೇ ಬರುತ್ತದೆ. ನನಗೆ ಅದನ್ನು ಸಹಿಸಲಾಗುವುದಿಲ್ಲ. ಅದು ಸಾಲ ತೀರಿಸುವ ಕಂತು. ದೇವರ ಜಮೀನು ತೆಗೆದುಕೊಂಡದ್ದಕ್ಕೆ ಕೊಡಬೇಕಾದ ಹಣ. ಸಿ ವರ್ಗದ ದೇವಸ್ಥಾನಗಳಿಗೆ ವರ್ಷಕ್ಕೆ 60,000 ರೂಪಾಯಿ ಇತ್ತು, 2025ರ ಬಜೆಟ್‌ನಲ್ಲಿ 72,000 ಎಂದು ಮಾಡಿದರು. ತಿಂಗಳಿಗೆ 6,000. ಅದರಲ್ಲಿ ಎಣ್ಣೆ, ಅಕ್ಕಿ, ಹೂವು, ಭಟ್ಟರ ಬದುಕು ಎಲ್ಲ ನಡೆಯಬೇಕು. ಹಳ್ಳದ ನೀರು ಸಿಗುವ ಗದ್ದೆ ಬೆಳೆಯುತ್ತಲೇ ಇರುತ್ತದೆ. ಈ ಹಣ ಬಜೆಟ್ ಬಂದಾಗ ಮಾತ್ರ ಬೆಳೆಯುತ್ತದೆ.

ಚೇತನ್, ತೀರ್ಥಹಳ್ಳಿ

ಸರ್, ಇತಿಹಾಸ ಒಪ್ಪಿದೆ. ಆದರೆ ಅದಕ್ಕೇ ಅಲ್ಲವೇ ಸರ್ಕಾರ ಕೈ ಬಿಡಬೇಕು ಎನ್ನುವುದು? ಜಮೀನು ತೆಗೆದುಕೊಂಡರು, ಒಳ್ಳೆಯದು, ಉಳುವವರಿಗೆ ಹೋಯಿತು. ಕೊಟ್ಟದ್ದು ಕಡಿಮೆ. ಈಗ ಊರವರು ಸ್ವಂತ ದುಡ್ಡಲ್ಲಿ ಹೆಂಚು ಹೊದಿಸುತ್ತೇವೆ ಎಂದರೂ ಒಪ್ಪಿಗೆ ಬೇಕು. ಸಾಲಗಾರನೇ ಯಜಮಾನನ ಹಾಗೆ ನಡೆದುಕೊಳ್ಳುವುದು ಯಾವ ನ್ಯಾಯ? ಜೊತೆಗೆ ಮಠಗಳಿಗೆ ಈ ಕಾಯ್ದೆ ಇಲ್ಲ. ಬೇರೆ ಧರ್ಮದವರಿಗೂ ಇಲ್ಲ. ನಮ್ಮೂರಿನ ಸಣ್ಣ ಗುಡಿಗೆ ಮಾತ್ರ ಯಾಕೆ?

ಸಾಗರದ ಶಾರದಕ್ಕ

ಚೇತನ್, ತಮ್ಮಾ, ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಊರವರು, ಊರವರು ಎನ್ನುತ್ತೀಯಲ್ಲ, ಯಾವ ಊರವರು ಎಂದು ನಾನು ಕೇಳುತ್ತೇನೆ.

ನಾವು ದೀವರು, ಗೇಣಿ ಗದ್ದೆ ಮಾಡುತ್ತಿದ್ದ ಜನ. ನಮ್ಮ ತಾಯಿಯ ಕಡೆಯ ಅಜ್ಜ ಕಾಗೋಡಿನ ಹತ್ತಿರದವರು. 1951ರ ಏಪ್ರಿಲ್ 18ಕ್ಕೆ ಅಲ್ಲಿ ಸತ್ಯಾಗ್ರಹ ಶುರುವಾಯಿತಲ್ಲ, ಅದರಲ್ಲಿ ಅವರಿದ್ದರು. ಗಣಪತಿಯಪ್ಪನವರು ಮುಂದೆ ನಿಂತಿದ್ದರು, ಶಾಂತವೇರಿ ಗೋಪಾಲಗೌಡರು ಬಂದರು, ಲೋಹಿಯಾ ಅವರು ಬಂದು ಬಂಧನವಾದರು. ಜಗಳ ಶುರುವಾದದ್ದು ಕೊಳಗದಿಂದ. ಗೇಣಿ ಭತ್ತ ಅಳೆಯುವಾಗ ಧಣಿಗಳು ದೊಡ್ಡ ಕೊಳಗ ಇಡುತ್ತಿದ್ದರು. ಒಂದೊಂದು ಕೊಳಗಕ್ಕೂ ಸ್ವಲ್ಪ ಸ್ವಲ್ಪ ಜಾಸ್ತಿ ಹೋದರೆ ಕಣದಲ್ಲಿ ಉಳಿಯುವುದೇನು? ಅಜ್ಜ ಹೇಳುತ್ತಿದ್ದರು, ಭತ್ತ ಅಳೆದು ಮುಗಿದ ಮೇಲೆ ನಮ್ಮ ಮನೆಯ ಹೆಂಗಸರು ಕಣ ಗುಡಿಸಿ, ಆ ಜೊಳ್ಳು, ಮಣ್ಣು ಎಲ್ಲ ಕೇರಿ ಕಾಳು ಹೆಕ್ಕುತ್ತಿದ್ದರಂತೆ. ಆಚೆ ಧಣಿಗಳ ಪಣತ (ಭತ್ತದ ಕಣಜ) ತುಂಬುತ್ತಿತ್ತು.

ದೇವರ ಗದ್ದೆ ಎಂದಾಕ್ಷಣ ಕೊಳಗ ಸಣ್ಣದಾಗುತ್ತಿರಲಿಲ್ಲ. ದೇವರ ಹೆಸರಲ್ಲಿ ಗೇಣಿ ತೆಗೆದುಕೊಳ್ಳುತ್ತಿದ್ದವರು ಮೊಕ್ತೇಸರರು. ಎಷ್ಟೋ ಕಡೆ ಅವರೂ ಧಣಿಗಳೂ ಒಬ್ಬರೇ. ಗೇಣಿ ಕೊಟ್ಟು ನಾವು ಎಲ್ಲಿ ನಿಲ್ಲುತ್ತಿದ್ದೆವು? ಅಂಗಳದಲ್ಲಿ. ದಲಿತರು ಇನ್ನೂ ಆಚೆ. ಹಾಗಾಗಿ ರಘು ಅವರ ಅಪ್ಪ ಫಾರಂ 7 ಹಾಕಿದ್ದರಲ್ಲಿ ಮನಸ್ಸಿಗೆ ಕೊರಗು ಬೇಡ. ಅದು ಬೆವರಿಗೆ ಸಿಕ್ಕಿದ್ದು. ದೇವರಿಗೆ ಸಿಗಬೇಕಾದ್ದನ್ನು ಸರ್ಕಾರ ಸರಿಯಾಗಿ ಕೊಡಲಿ. ಎರಡೂ ನ್ಯಾಯವೇ.

ಇನ್ನು ಸರ್ಕಾರದ ಕೈ ಬಗ್ಗೆ. ಈಗಿನ ಕಾಯ್ದೆಯ ಪ್ರಕಾರ ವ್ಯವಸ್ಥಾಪನಾ ಸಮಿತಿಯಲ್ಲಿ ಒಂಬತ್ತು ಜನ. ಅದರಲ್ಲಿ ಇಬ್ಬರು ಹೆಂಗಸರು ಇರಲೇಬೇಕು, ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ ಇರಲೇಬೇಕು. ನಾನು ನಮ್ಮೂರ ಸಮಿತಿಯಲ್ಲಿ ಕೂತದ್ದು ಹಾಗೆ. ಮೊದಲ ಸಭೆಗೆ ಹೋದಾಗ ನನಗೆ ಕುರ್ಚಿ ಇಟ್ಟಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದೆ. ಭಟ್ಟರೇ ಒಳಗಿಂದ ಮಣೆ ತಂದು, ಕೂತುಕೊಳ್ಳಿ ಅಕ್ಕ, ನೀವೂ ಸದಸ್ಯರು ಎಂದರು. ಕಾನೂನು ಬರೆದಿರದಿದ್ದರೆ ಊರವರು ನನ್ನನ್ನು ಕರೆಯುತ್ತಿದ್ದರಾ? ನನಗಂತೂ ಹಾಗೆ ಅನಿಸುವುದಿಲ್ಲ. ಸರ್ಕಾರ ಪೂರ್ತಿ ಕೈ ತೆಗೆದರೆ ಗುಡಿ ಊರವರಿಗೆ ಹೋಗುವುದಿಲ್ಲ, ಮೊದಲು ಯಾರ ಕೈಯಲ್ಲಿತ್ತೋ ಅವರಿಗೇ ಹೋಗುತ್ತದೆ. ನನ್ನ ಭಯ ಇದು.

ವಕೀಲ, ಶಿವಮೊಗ್ಗ

ಶಾರದಕ್ಕ ಹೇಳಿದ್ದಕ್ಕೂ ಚೇತನ್ ಕೇಳಿದ್ದಕ್ಕೂ ನಮ್ಮ ಸಂವಿಧಾನದಲ್ಲಿ ಅಕ್ಕಪಕ್ಕದಲ್ಲೇ ಜಾಗ ಇದೆ. ತೊಂದರೆ ಬರುವುದೂ ಅಲ್ಲೇ.

25ನೇ ವಿಧಿ ಪ್ರತಿಯೊಬ್ಬರಿಗೂ ಧರ್ಮದ ಸ್ವಾತಂತ್ರ್ಯ ಕೊಡುತ್ತದೆ. ಅದರ ಹಿಂದೆಯೇ ಎರಡು ಮಾತು ಸೇರಿಸುತ್ತದೆ. ಧರ್ಮದ ಜೊತೆಗಿರುವ ಹಣಕಾಸಿನ ವ್ಯವಹಾರವನ್ನು ಸರ್ಕಾರ ನಿಯಂತ್ರಿಸಬಹುದು. ಸಾರ್ವಜನಿಕ ಹಿಂದೂ ದೇವಸ್ಥಾನಗಳನ್ನು ಹಿಂದೂಗಳ ಎಲ್ಲ ವರ್ಗದವರಿಗೂ ತೆರೆಯಬಹುದು. 26ನೇ ವಿಧಿ ಪಂಥಗಳಿಗೆ ತಮ್ಮ ಧರ್ಮದ ವಿಷಯವನ್ನು ತಾವೇ ನಡೆಸುವ ಹಕ್ಕು ಕೊಡುತ್ತದೆ. ಆಸ್ತಿಯ ಆಡಳಿತವನ್ನು ಮಾತ್ರ ಕಾನೂನಿನಂತೆ ಮಾಡಬೇಕು ಎನ್ನುತ್ತದೆ. ಪೂಜೆ ನಿಮ್ಮದು, ಲೆಕ್ಕ ಕಾನೂನಿನದು. ಗೆರೆ ಎಲ್ಲಿ ಎಳೆಯಬೇಕು ಎನ್ನುವುದೇ ಎಪ್ಪತ್ತು ವರ್ಷದ ಜಗಳ.

ಆ ಜಗಳದ ಎರಡು ದೊಡ್ಡ ತೀರ್ಪುಗಳು ನಮ್ಮ ಘಟ್ಟದ ಕೆಳಗಿನಿಂದಲೇ ಬಂದಿವೆ. 1954ರದ್ದು ಉಡುಪಿಯ ಶಿರೂರು ಮಠದ ಪ್ರಕರಣ. ಯಾವ ಆಚರಣೆ ಧರ್ಮಕ್ಕೆ ಮೂಲ ಎನ್ನುವುದನ್ನು ಆ ಧರ್ಮದ ತತ್ವಗಳನ್ನೇ ನೋಡಿ ತಿಳಿಯಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಮದ್ರಾಸ್ ಸರ್ಕಾರ ಮೇಲ್ವಿಚಾರಣೆಗೆಂದು ವಸೂಲಿ ಮಾಡುತ್ತಿದ್ದ ಪಾಲನ್ನು ತೆರಿಗೆ ಎಂದು ಕರೆದು ಹೊಡೆದುಹಾಕಿತು. ಇನ್ನೊಂದು ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣ. ಇದು ನಮ್ಮ ಸಮುದಾಯದ ದೇವಸ್ಥಾನ, ಎಲ್ಲರಿಗೂ ತೆರೆಯಲಾಗದು ಎಂದು ಗೌಡ ಸಾರಸ್ವತರು ವಾದಿಸಿದರು. 1957ರ ನವೆಂಬರ್‌ನಲ್ಲಿ ತೀರ್ಪು ಬಂತು. ಸಮುದಾಯದ ಹಕ್ಕು ಇದೆ, ಆದರೆ ಪ್ರವೇಶದ ಹಕ್ಕು ಅದಕ್ಕಿಂತ ಮೇಲು ಎಂದಿತು ಕೋರ್ಟು. ಕೆಲವು ವಿಶೇಷ ಸೇವೆಗಳ ಹೊತ್ತಿಗೆ ಮಾತ್ರ ಸಮುದಾಯದವರಷ್ಟೇ ಇರಲು ಅವಕಾಶ ಕೊಟ್ಟಿತು. ಶಾರದಕ್ಕನ ಮಣೆಯ ಹಿಂದೆ ಇಂಥ ತೀರ್ಪುಗಳೂ ಇವೆ.

ಚೇತನ್, ನಿಮ್ಮ ಪ್ರಶ್ನೆಯನ್ನು ಹೈಕೋರ್ಟೇ ಕೇಳಿದೆ. ಪುತ್ತೂರು ತಾಲ್ಲೂಕಿನ ಸಹಸ್ರಲಿಂಗೇಶ್ವರ ದೇವಸ್ಥಾನದ ಪ್ರಕರಣದಲ್ಲಿ 2006ರಲ್ಲಿ ಈ ಕಾಯ್ದೆಯನ್ನೇ ರದ್ದು ಮಾಡಿತ್ತು. ಮಠಗಳನ್ನೂ ಅವುಗಳ ಕೈಕೆಳಗಿನ ದೇವಸ್ಥಾನಗಳನ್ನೂ ಹೊರಗಿಟ್ಟದ್ದು ತಾರತಮ್ಯ ಎನ್ನುವುದು ಅದಕ್ಕೆ ಒಂದು ಕಾರಣ. ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಹಾಗಾಗಿ ಕಾಯ್ದೆ ನಡೆಯುತ್ತಿದೆ. 2011ರಲ್ಲಿ ತಿದ್ದುಪಡಿಯೂ ಆಯಿತು. ಬೇರೆಯವರಿಗೆ ಏನೂ ಇಲ್ಲ ಎನ್ನುವುದು ಸರಿಯಲ್ಲ. ವಕ್ಫ್ ಆಸ್ತಿಗೆ 1995ರ ಕಾಯ್ದೆ ಇದೆ, ಮಂಡಳಿ ಇದೆ. ಪಂಜಾಬಿನ ಗುರುದ್ವಾರಗಳಿಗೆ 1925ರ ಕಾಯ್ದೆಯಲ್ಲಿ ಚುನಾವಣೆಯೇ ನಡೆಯುತ್ತದೆ. ಒಂದೊಂದು ಸಮುದಾಯದ ಜೊತೆ ಒಂದೊಂದು ಕಾಲದಲ್ಲಿ ಆದ ಒಪ್ಪಂದ ಅದು. ಅದಕ್ಕೇ ಒಂದೇ ಅಳತೆ ಸಿಗುವುದಿಲ್ಲ. ಹಿಂದೂ ದೇವಸ್ಥಾನಗಳಿಗೂ ಗುರುದ್ವಾರದಂತೆ ಭಕ್ತರೇ ಆರಿಸುವ ಸಮಿತಿ ಇರಲಿ ಎನ್ನುವುದು ನನ್ನ ಸ್ವಂತ ಅಭಿಪ್ರಾಯ. ಮೀಸಲು ಸ್ಥಾನ ಹಾಗೇ ಇರಲಿ. ಈಗ ಸಮಿತಿಯನ್ನು ಜಿಲ್ಲಾ ಧಾರ್ಮಿಕ ಪರಿಷತ್ತು ನೇಮಿಸುತ್ತದೆ, ಸರ್ಕಾರ ಬದಲಾದರೆ ಹೆಸರುಗಳೂ ಬದಲಾಗುತ್ತವೆ. ಅದು ನನಗೆ ಸರಿ ಕಾಣುವುದಿಲ್ಲ.

ದೇವರ ಜಮೀನಿಗೆ ಬದಲು ಖಜಾನೆಯಿಂದ ಹಣ ಎನ್ನುವುದು ನಮ್ಮ ರಾಜ್ಯದ ಕತೆ ಮಾತ್ರವಲ್ಲ. ಸಂವಿಧಾನದ 290ಎ ವಿಧಿ ತೆಗೆದು ನೋಡಿ. ಕೇರಳ ಸರ್ಕಾರ ತಿರುವಾಂಕೂರು ದೇವಸ್ವಂ ನಿಧಿಗೆ ವರ್ಷಕ್ಕೆ 46,50,000 ರೂಪಾಯಿ ಕೊಡಬೇಕು, ತಮಿಳುನಾಡು ತನ್ನಲ್ಲಿನ ದೇವಸ್ವಂ ನಿಧಿಗೆ 13,50,000 ಕೊಡಬೇಕು ಎಂದು ಅಲ್ಲೇ ಬರೆದಿದೆ. ತಿರುವಾಂಕೂರಿನಲ್ಲಿ ಕರ್ನಲ್ ಮನ್ರೋ ಕಾಲದಲ್ಲಿ ದೇವಸ್ಥಾನಗಳ ಆಸ್ತಿಯನ್ನು ಸಂಸ್ಥಾನ ವಹಿಸಿಕೊಂಡಿತ್ತು. ಆ ಹಳೇ ಲೆಕ್ಕ ಗಣರಾಜ್ಯದ ಸಂವಿಧಾನದೊಳಗೇ ಬಂದು ಕೂತಿದೆ.

ಹೊರದೇಶದ ಮಾತೂ ಒಂದು ಹೇಳುತ್ತೇನೆ, ಯಾಕೆಂದರೆ ಜಾತ್ಯತೀತ ಎಂದಾಗ ಎಲ್ಲರೂ ಫ್ರಾನ್ಸ್ ಎನ್ನುತ್ತಾರೆ. ಅಲ್ಲಿ 1905ರ ಕಾನೂನು ಚರ್ಚನ್ನೂ ಸರ್ಕಾರವನ್ನೂ ಬೇರೆ ಮಾಡಿತು. ಆದರೂ ಪ್ಯಾರಿಸ್‌ನ ನೋತ್ರ್ ದಾಮ್ ಸರ್ಕಾರದ ಆಸ್ತಿ. ಹಳ್ಳಿಯ ಹಳೇ ಚರ್ಚುಗಳು ಹೆಚ್ಚಿನವು ಅಲ್ಲಿನ ಸ್ಥಳೀಯ ಆಡಳಿತದ ಆಸ್ತಿ, ಮಾಡು ಸೋರಿದರೆ ಮೇಯರ್ ತಲೆನೋವು. ಅಲ್ಸಾಸ್ ಮತ್ತು ಮೊಸೆಲ್ ಸೀಮೆಗಳು 1905ರಲ್ಲಿ ಜರ್ಮನಿಯ ಕೈಯಲ್ಲಿದ್ದವು. ಆ ಕಾನೂನು ಅಲ್ಲಿಗೆ ಹೋಗಲೇ ಇಲ್ಲ. ಇಂದಿಗೂ ಅಲ್ಲಿನ ಪಾದ್ರಿಗಳಿಗೆ ಫ್ರೆಂಚ್ ಸರ್ಕಾರವೇ ಸಂಬಳ ಕೊಡುತ್ತದೆ. ಹುಲಿಕಲ್ ಘಾಟಿಯ ಮೇಲೊಂದು ಕಾನೂನು, ಕೆಳಗೊಂದು ಕಾನೂನು ಎಂದು ಶಿರಸ್ತೇದಾರರು ಹೇಳಿದರಲ್ಲ, ಅಲ್ಲೂ ಹಾಗೇ.

ಚೇತನ್, ತೀರ್ಥಹಳ್ಳಿ

ಶಾರದಕ್ಕ, ನೀವು ಹೇಳಿದ್ದನ್ನು ಓದಿದ ಮೇಲೆ ಕೈ ಬಿಡಿ ಎನ್ನುವ ಮಾತನ್ನು ನಾನು ಸುಮ್ನೆ ಹೇಳಲಾರೆ. ಆದರೆ ವಕೀಲರು ಹೇಳಿದ ಚುನಾವಣೆ ಬೇಕು ಎನ್ನುವುದರ ಮೇಲೆ ನಿಲ್ಲುತ್ತೇನೆ. ಇನ್ನೊಂದು ಪ್ರಶ್ನೆ. ದೊಡ್ಡ ದೇವಸ್ಥಾನಗಳಿಂದ ಸರ್ಕಾರ ಪಾಲು ತೆಗೆದುಕೊಳ್ಳುತ್ತದಲ್ಲ, ಆ ಹಣ ಎಲ್ಲಿಗೆ ಹೋಗುತ್ತದೆ?

ಹಳೇ ಶಿರಸ್ತೇದಾರ

ಸಾಮಾನ್ಯ ಸಂಗ್ರಹಣಾ ನಿಧಿಗೆ. ರಾಜ್ಯದಲ್ಲಿ 34 ಸಾವಿರಕ್ಕೂ ಹೆಚ್ಚು ಮುಜರಾಯಿ ದೇವಸ್ಥಾನಗಳಿವೆ. ವರಮಾನ 25 ಲಕ್ಷಕ್ಕಿಂತ ಮೇಲಿದ್ದರೆ ಎ, 5ರಿಂದ 25 ಲಕ್ಷ ಬಿ, ಅದಕ್ಕಿಂತ ಕೆಳಗೆ ಸಿ. ಎ ಮತ್ತು ಬಿ ಸೇರಿದರೂ ಕೆಲವೇ ನೂರು. ಉಳಿದದ್ದೆಲ್ಲ ರಘು ಅವರ ಈಶ್ವರನ ಹಾಗೆ ಸಿ. ವರಮಾನ ಇರುವ ದೇವಸ್ಥಾನಗಳು ಕೊಡುವ ಪಾಲು ಆ ನಿಧಿಗೆ ಹೋಗುತ್ತದೆ. ಅದನ್ನು ಹಿಂದೂ ಧಾರ್ಮಿಕ ಸಂಸ್ಥೆಗಳಿಗೇ ಖರ್ಚು ಮಾಡಬೇಕು ಎಂದು ಕಾಯ್ದೆಯಲ್ಲಿದೆ. 2024ರಲ್ಲಿ ಈ ಪಾಲಿನ ಲೆಕ್ಕ ಬದಲಿಸುವ ಮಸೂದೆ ಬಂದಾಗ ವಿಧಾನ ಪರಿಷತ್ತಿನಲ್ಲಿ ಬಿತ್ತು, ಆಮೇಲೆ ಮತ್ತೆ ತಂದರು, ಬಹಳ ಗದ್ದಲವಾಯಿತು. ಆ ಗದ್ದಲದಲ್ಲಿ ಸಿ ವರ್ಗದ ಗುಡಿಯ ಸೋರುವ ಮಾಡಿನ ಮಾತನ್ನು ಎರಡೂ ಕಡೆಯವರು ಆಡಲಿಲ್ಲ ಎನ್ನುವುದು ನನ್ನ ಬೇಸರ.

ಒಪ್ಪಿಗೆ ಯಾಕೆ ಬೇಕು ಎನ್ನುವುದಕ್ಕೂ ಒಂದು ಮಾತು. ಹಳೇ ಮಾಡು ಬಿಚ್ಚುವಾಗ ಮರ ಹೋಗುತ್ತದೆ, ಕಂಬದ ಮೇಲಿನ ಕೆತ್ತನೆಯ ಬೋದಿಗೆ ಹೋಗುತ್ತದೆ, ಕೆಲವು ಕಡೆ ಗೋಡೆಗೆ ಒರಗಿಸಿಟ್ಟ ಶಾಸನದ ಕಲ್ಲನ್ನು ಪಾಯಕ್ಕೆ ಹಾಕಿದ್ದೂ ಇದೆ. ಆಸ್ತಿ ಪಟ್ಟಿ ಇರುವುದು ಅದಕ್ಕೆ. ಒಪ್ಪಿಗೆ ಇರಲಿ, ಆದರೆ ಮಳೆ ಬರುವ ಮೊದಲು ಸಿಗಲಿ. ಮಲೆನಾಡಲ್ಲಿ ಮೇ ದಾಟಿದರೆ ಮಾಡು ಬಿಚ್ಚುವ ಹಾಗಿಲ್ಲ ಎಂದು ಕಚೇರಿಯಲ್ಲಿ ಕೂತವರಿಗೂ ಗೊತ್ತಿರಬೇಕು.

ರಘು, ಮಲೆನಾಡು

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಕಟ್ಟೆಯ ಮೇಲೆ ಇದನ್ನು ಓದಿ ಹೇಳಿದೆ. ಅಪ್ಪನೂ ಇದ್ದರು. ಶಾರದಕ್ಕನ ಮಾತು ಬಂದಾಗ ಅವರು, ನಮ್ಮಪ್ಪನೂ ಗೇಣಿ ಅಳೆದು ಬಂದ ರಾತ್ರಿ ಊಟ ಮಾಡುತ್ತಿರಲಿಲ್ಲ ಎಂದರು. ಇದನ್ನು ಅವರು ಮೊದಲು ಯಾವತ್ತೂ ಹೇಳಿದ್ದಿಲ್ಲ.

ನಾವು ಮಾಡಿದ ತೀರ್ಮಾನ ಇಷ್ಟು. ಎತ್ತಿದ ಹಣವನ್ನು ದೇವಸ್ಥಾನದ ಹೆಸರಿನ ಖಾತೆಗೆ ಹಾಕುತ್ತೇವೆ. ನಮ್ಮ ಸಮಿತಿಯ ಅವಧಿ ಮುಗಿದು ಹೋಗಿದೆ, ಹೊಸ ಸಮಿತಿಗೆ ಅರ್ಜಿ ಹಾಕಿಸುತ್ತೇವೆ. ಹೆಂಗಸರ ಎರಡು ಹೆಸರನ್ನು ಹೆಂಗಸರೇ ಕೂತು ಆರಿಸಲಿ ಎಂದು ನಮ್ಮ ಅತ್ತಿಗೆ ಹೇಳಿದರು, ಎಲ್ಲರೂ ಒಪ್ಪಿದರು. ದೇವರ ಗದ್ದೆ ಮಾಡುತ್ತಿರುವ ಮನೆಗಳವರು ಸುಗ್ಗಿಯಲ್ಲಿ ಇಷ್ಟು ಭತ್ತ ಎಂದು ನಾವೇ ಕೊಡುತ್ತೇವೆ ಎಂದು ಅಪ್ಪ ಹೇಳಿದರು. ಅದು ಗೇಣಿಯಲ್ಲ, ಯಾರೂ ಅಳೆದು ಕೇಳುವ ಹಾಗಿಲ್ಲ, ಮನಸ್ಸಿಗೆ ಬಂದಷ್ಟು.

ದೇವರಿಗೆ ಎಷ್ಟು ಭೂಮಿ ಇತ್ತು, ಎಷ್ಟು ವರ್ಷಾಸನ ಬರಬೇಕು ಎನ್ನುವುದನ್ನು ಕಾಗದದಲ್ಲಿ ನೋಡಬೇಕೆಂದಿದೆ. ಶಿರಸ್ತೇದಾರರೇ, ಎಲ್ಲಿಂದ ಶುರು ಮಾಡಲಿ?

ಹಳೇ ಶಿರಸ್ತೇದಾರ

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಕಲಿಗೆ ಅರ್ಜಿ ಹಾಕಿ. ಮೊದಲು ನಿಮ್ಮ ಮನೆಯ ಫಾರಂ 10 ತೆಗೆಯಿರಿ, ಭೂನ್ಯಾಯ ಮಂಡಳಿ ಆದೇಶವಾದ ಮೇಲೆ ಕೊಟ್ಟ ಪ್ರಮಾಣಪತ್ರ ಅದು. ಅದರಲ್ಲಿ ಸರ್ವೆ ನಂಬರ್ ಇರುತ್ತದೆ. ಆ ನಂಬರ್ ಹಿಡಿದು ಹಳೇ ಐ.ಎಲ್.ಆರ್.ಆರ್. (ಜಮೀನು ಮತ್ತು ಅದರ ಹಕ್ಕಿನ ದಾಖಲೆ ಪುಸ್ತಕ) ಮತ್ತು ಇನಾಂ ರಿಜಿಸ್ಟರ್ ಕೇಳಿ. ಖಾತೆದಾರರ ಹೆಸರಿನ ಕಡೆ ದೇವರ ಹೆಸರು ಸಿಗುತ್ತದೆ. ಬೇರೆ ಮನೆಗಳ ನಂಬರ್‌ಗಳನ್ನೂ ಸೇರಿಸಿ ಕೂಡಿಸಿದರೆ ದೇವರ ಒಟ್ಟು ಭೂಮಿ ಎಷ್ಟಿತ್ತು ಎಂದು ಬರುತ್ತದೆ. ತಸ್ತೀಕು, ವರ್ಷಾಸನ ಎರಡೂ ಬರುತ್ತಿದೆಯಾ, ಒಂದೇ ಬರುತ್ತಿದೆಯಾ ಎಂದು ಮುಜರಾಯಿ ವಿಭಾಗದಲ್ಲಿ ಬರಹದಲ್ಲೇ ಕೇಳಿ, ಬಾಯಿಮಾತಿನ ಉತ್ತರ ಸಾಲದು. ಬರಬೇಕಾದ್ದು ಬಂದಿಲ್ಲದಿದ್ದರೆ ಬಾಕಿಗೆ ಮನವಿ ಕೊಡಿ. ಹೆಂಚಿನ ಅರ್ಜಿಯ ಜೊತೆ ಒಳಗೆ, ಹೊರಗೆ ತೆಗೆದ ಫೋಟೋ ಇಡಿ, ನಂದಿಯ ಮೇಲೆ ನೀರು ಬೀಳುವುದು ಕಾಣುವ ಹಾಗೆ. ದೀಪಾವಳಿಗೆ ಮೊದಲೇ ಕೊಟ್ಟರೆ ಬೇಸಿಗೆಯಲ್ಲಿ ಬಡಗಿಯನ್ನು ಕರೆಯಬಹುದು.